ಎಡಗೈಯ ಬಣ್ಣ

ನಿಲಂಗಾ
ತಾ. ೧೨ ಜನವರಿ ೨೦೨೬

ಪ್ರೀತಿಯ ರವಿಕಾಂತಣ್ಣಗೆ ತಂಗಿ ಕುಸುಮಬಾಯಿಯ ಶರಣು.

ನಿನ್ನ ಮೊಣಕಾಲು ನೋವು ಈಗ ಹೇಗಿದೆ? ಪುಣೆಯಲ್ಲಿ ಚಳಿ ಹೆಚ್ಚಿರಬೇಕು, ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಲು ವೈನಿಗೆ ಹೇಳು. ನಾವು ಇದ್ದೇವೆ. ಅಪ್ಪನನ್ನು ಮಣ್ಣು ಮಾಡಿ ಇಂದಿಗೆ ಹದಿನಾರು ದಿನ. ನೀನು ಬಂದು ಮೂರು ಹಿಡಿ ಮಣ್ಣು ಹಾಕಿ ಅಂದೇ ಸಂಜೆ ಬಸ್ ಹತ್ತಿದೆ. ನಾನೂ ಇರು ಅನ್ನಲಿಲ್ಲ. ನನಗೆ ಅಳು ಬಂದಿಲ್ಲ ಅಣ್ಣಾ. ಪೂಜೆಗೆ ಕೂತರೆ ಲಿಂಗ ಅಂಗೈಯಲ್ಲಿರುತ್ತದೆ, ಕಣ್ಣು ಅದರ ಮೇಲಿರುತ್ತದೆ, ಮನಸ್ಸು ಮಾತ್ರ ಎಲ್ಲೂ ಇರುವುದಿಲ್ಲ.

ನಿನಗೆ ಹೇಳದ ಸಂಗತಿ ಒಂದಿದೆ. ಉದಗೀರದ ಒಂದು ಕಾಲೇಜಿನ ಮೈದಾನದಲ್ಲಿ ಹಳೆಯ ಯುದ್ಧವಿಮಾನ ತಂದು ನಿಲ್ಲಿಸಿದ್ದಾರೆ. ಜನವರಿ ಇಪ್ಪತ್ತಾರಕ್ಕೆ ಹೊಸದಾಗಿ ಬೆಳ್ಳಿ ಬಣ್ಣ ಹಚ್ಚಲೆಂದು ಡಿಸೆಂಬರಿನಲ್ಲಿ ಹಳೆಯದನ್ನು ಕೆರೆದರೆ, ಕೆಳಗೆ ಹಸಿರು ಮತ್ತು ಕೆಮ್ಮಣ್ಣಿನ ಬಣ್ಣ ಬಂತಂತೆ. ಅರ್ಧಚಂದ್ರದ ಹಾಗೆ ಬಳಿದದ್ದು, ನಡುನಡುವೆ ಕಸಬರಿಗೆಯ ಕಡ್ಡಿಯ ಗೆರೆ. ಅಲ್ಲಿಯ ಅಮರನಾಥ ಮಾಸ್ತರರು ನಮ್ಮ ಓಣಿಯವರೇ, ಸಣ್ಣವರಿದ್ದಾಗ ಅಪ್ಪನ ಕಥೆ ಕೇಳಿದವರು. ಅಪ್ಪನನ್ನು ಕರೆಸಲು ಅವರೇ ಗಾಡಿ ಕಳಿಸಿದರು, ಜೊತೆಗೆ ನಾನೂ ಹೋದೆ.

ಅಪ್ಪ ವಾಯುಪಡೆಯಲ್ಲಿದ್ದಾಗಿನ ಆ ಕಥೆ ನಿನಗೆ ಗೊತ್ತಿದ್ದದ್ದೇ. ಎಪ್ಪತ್ತೊಂದರ ಲಡಾಯಿಯಲ್ಲಿ ಹೊಳೆಯುವ ವಿಮಾನ ವೈರಿಯ ಕಣ್ಣಿಗೆ ಬೀಳಬಾರದೆಂದು, ಬಣ್ಣ ಹೊಡೆಯುವ ಯಂತ್ರ ಸಾಲದೆ, ಕಸಬರಿಗೆ ಹಿಡಿದು, ಆಯಿ ನೆಲ ಸಾರಿಸಿದ ಹಾಗೆ ಬಳಿದೆವು ಅನ್ನುತ್ತಿದ್ದ. ನಿನ್ನ ಪ್ರಣಿತಾಳ ನಿಶ್ಚಯದ ದಿನ ಬೀಗರ ಮುಂದೆ ನೀನು, "ನಮ್ಮಪ್ಪ ಕಸಬರಗಿ ಹಿಡದು ಲಡಾಯಿ ಗೆದ್ದಾನ್ರೀ" ಅಂದೆ. ಕೂತವರೆಲ್ಲ ನಕ್ಕರು. ಆಮೇಲೆ ಹನ್ನೊಂದು ವರ್ಷ ಅಪ್ಪ ಆ ಮಾತು ಎತ್ತಲಿಲ್ಲ, ನಿನ್ನ ಮನೆಗೂ ಬರಲಿಲ್ಲ.

ಉದಗೀರದಲ್ಲಿ ಶಾಲು, ಮಾಲೆ ತಯಾರಿದ್ದವು. "ಬಕ್ಕಪ್ಪ ಕಾಕಾ, ಇದು ನಿಮ್ಮದೇ ಕೈ ಅಲ್ಲೇನ್ರೀ?" ಎಂದು ಮಾಸ್ತರರು ಕೇಳಿದರು. ಅಪ್ಪ ರೆಕ್ಕೆಯ ಕೆಳಗೆ ನಿಂತು ಗೆರೆಯ ಗುಂಟ ಎಡಗೈ ಆಡಿಸಿ ನೋಡಿದ. ಕೈ ಒಂದು ಕಡೆ ಬಾಗಿತು, ಗೆರೆ ಇನ್ನೊಂದು ಕಡೆ.

"ಅಲ್ಲರೀ. ನಾ ಎಡಚ. ಇಂವಾ ಯಾಂವನೋ ಬಲಗೈಯಾಂವ. ಅವನ ಮಾಲಿ ನನ್ನ ಕೊರಳಾಗ ಬ್ಯಾಡ."

"ಹೂಂ ಅನ್ನು ಅಪ್ಪಾ, ಯಾರಿಗಿ ತಿಳೀತದ?" ಎಂದು ನಾನು ಮೆಲ್ಲಗೆ ಅಂದೆ. "ಬಳದಾಂವಗ ತಿಳೀತದ" ಅಂದ.

ಸಣ್ಣವನಿದ್ದಾಗ ಎಡಗೈಯಿಂದ ಕೆಲಸ ಮಾಡುತ್ತಾನೆಂದು ಆಯಿ ತನ್ನ ಮಗನನ್ನು ಬಯ್ದರೆ, "ಲಿಂಗ ಕೂಡೂದು ಈ ಕೈಯಾಗೇ ಅಲ್ಲೇನವ್ವಾ" ಅನ್ನುತ್ತಿದ್ದನಂತೆ, ನೆನಪಿದೆಯಲ್ಲ. ಅಂದು ಕುರ್ಚಿ ಹಾಕಿಸಿಕೊಂಡು ಕೂತು ಕಥೆಯನ್ನೆಲ್ಲ ಹೇಳಿದ. ಯಾರೂ ನಗಲಿಲ್ಲ. ಮಾಲೆಯನ್ನು ವಿಮಾನದ ಮೂತಿಗೆ ಹಾಕಿಸಿದ. ಅದಾದ ಮೂರು ವಾರಕ್ಕೆ ಹೋದ.

ವೈನಿಗೆ ಶರಣು, ಪ್ರಣಿತಾಳಿಗೆ ಆಶೀರ್ವಾದ. ಬಸವಣ್ಣ ನಿಮ್ಮ ಮನೆಯನ್ನು ತಂಪಾಗಿಡಲಿ.

ನಿನ್ನ ತಂಗಿ
ಕುಸುಮ

ತಾ.ಕ.: ಬರುವ ರವಿವಾರ ಬೆಳ್ಳಿ ಬಣ್ಣ ಹಚ್ಚುತ್ತಾರೆ. ಅದಕ್ಕೂ ಮೊದಲು ಬಂದರೆ ಆ ಗೆರೆಗಳು ಕಾಣುತ್ತವೆ. ನಿಶ್ಚಯದ ದಿನ ನಾನೂ ನಕ್ಕಿದ್ದೆ ಅಣ್ಣಾ, ಬಾಯಿಗೆ ಸೆರಗು ಹಿಡಿದು. ಅಪ್ಪ ನಿನ್ನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ಇಷ್ಟು ವರ್ಷ ತಪ್ಪೆಲ್ಲ ನಿನ್ನದೇ ಎಂಬಂತೆ ಸುಮ್ಮನಿದ್ದೆ. ಹೋದ ವಾರ ಎರಡು ಸಲ ಉದಗೀರದ ಬಸ್ ಹತ್ತಿ, ಅಲ್ಲಿ ಇಳಿದು, ಮೈದಾನಕ್ಕೆ ಹೋಗದೆ ತಿರುಗಿ ಬಂದೆ. ಒಬ್ಬಳಿಂದ ಆಗುತ್ತಿಲ್ಲ. ಬಾ.