ಕಚೇರಿಯವರ ಪ್ರಕಾರ ನಾವಿಬ್ಬರೂ ಒಬ್ಬರೇ

ಮನೆ, ಅಡುಗೆಕೋಣೆಯ ಮೇಜು
ಮಾರ್ಚ್ ೯, ಭಾನುವಾರ

ಪ್ರೀತಿಯ ಗುಂಡಾ,

ಹೇಗಿದ್ದೀಯ? ಜ್ವರ ಬಿಟ್ಟಿತಾ, ಊಟ ಸೇರುತ್ತಿದೆಯಾ, ಬಾಯಿಹುಣ್ಣು ಒಣಗಿತಾ? ಮೂರಕ್ಕೂ ಬೇರೆ ಬೇರೆಯಾಗಿ ಉತ್ತರ ಬರೆ. ಹೋದ ಸಲದ ಹಾಗೆ ‘ಎಲ್ಲ ಪರವಾಗಿಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡ. ಆಸ್ಪತ್ರೆ ಎದುರಿನ ನಿನ್ನ ಬಾಡಿಗೆ ಕೋಣೆಗೆ ಪರದೆ ಹಾಕಿಸಿದರಾ, ಇಲ್ಲ ಇನ್ನೂ ಹಳೆಯ ಟವೆಲ್ಲೇ ನೇತಾಡುತ್ತಿದೆಯಾ? ಗುಂಡ ಎಂದು ಕರೆಸಿಕೊಳ್ಳುವಷ್ಟು ಮೈ ಈಗ ನಿನಗಿಲ್ಲ, ಗೊತ್ತು. ಹೆಸರು ಬದಲಾಯಿಸುವ ಉದ್ದೇಶ ನನಗಿಲ್ಲ. ಮೈಯೇ ಹೆಸರಿಗೆ ತಕ್ಕಂತೆ ಆಗಲಿ. ನಿನ್ನ ಭಾವ ಆರಾಮಾಗಿದ್ದಾರೆ, ನನ್ನ ಬೈಗುಳ ಕೇಳುವ ಕೆಲಸವೊಂದು ಅವರಿಗೆ ಹೆಚ್ಚಾಗಿದೆ.

ನಿನ್ನ ಕಾಗದ ಎರಡು ಸಲ ಓದಿದೆ. ಹೋದ ವರ್ಷ ನಾನು ಕೊಟ್ಟ ಅಸ್ಥಿಮಜ್ಜೆ ನಿನ್ನ ಮೈಯಲ್ಲಿ ಸೊರಗುತ್ತಿದೆ, ಇನ್ನೊಂದು ಸಲ ಕೊಡಬೇಕು, ಬೇಸಿಗೆ ಮುಗಿಯುವವರೆಗೂ ಕಾಯಲಾಗದು ಎಂದು ವೈದ್ಯರು ಹೇಳಿದರೆ, ನೀನು ಅವರಿಗೆ ಬೇಡ ಎಂದು ಹೇಳಿ ಬಂದಿದ್ದೀಯ. ‘ಸೊಂಟ ಹಿಡ್ಕೊಂಡು ಆ ಕಚೇರಿ ಮೆಟ್ಟಿಲ ಮೇಲೆ ಕೂತಿದ್ದೆಯಲ್ಲ ಅಕ್ಕಾ, ಅದು ಗೊತ್ತಾದ ಮೇಲೆ ಇನ್ನೊಂದು ಸಲ ಕೇಳೋ ಮುಖ ನನಗಿಲ್ಲ’ ಎಂದು ಬರೆದಿದ್ದೀಯ. ಕೇಳು ಎಂದು ನಿನಗೆ ಹೇಳಿದವರು ಯಾರು? ಮೊದಲ ಸಲವೂ ನೀನು ಕೇಳಿರಲಿಲ್ಲ. ನಾನೇ ಬಂದು ಮಂಚದ ಮೇಲೆ ಬೋರಲು ಮಲಗಿದ್ದೆ. ಸೊಂಟದ ನೋವು ಕೆಲವು ವಾರಗಳಲ್ಲಿ ಹೋಯಿತು, ಕಚೇರಿಯ ಮೇಲಿನ ಸಿಟ್ಟು ಮಾತ್ರ ಇನ್ನೂ ಇದೆ. ಅದನ್ನೂ ಇದನ್ನೂ ಒಂದೇ ಎಂದು ತಿಳಿಯಬೇಡ.

ಕಚೇರಿಯ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ, ಅರ್ಧ ತಿಳಿದು ಪೂರ್ತಿ ಹೆದರಿದ್ದೀಯ. ಬದುಕಿರುವಾಗಲೇ ಅಂಗವನ್ನೋ ಮಜ್ಜೆಯನ್ನೋ ಕೊಟ್ಟವರು ಸುಧಾರಿಸಿಕೊಳ್ಳುವವರೆಗೆ ಅವರ ಸಂಬಳವನ್ನು ಸರ್ಕಾರ ಕೊಡುತ್ತದೆ, ಅವರ ಕೆಲಸದ ಜಾಗವನ್ನು ಉಳಿಸಿಕೊಡಿ ಎಂದು ಮಾಲೀಕರಿಗೆ ಪತ್ರವನ್ನೂ ಕೊಡುತ್ತದೆ. ಯೋಜನೆ ಚೆನ್ನಾಗಿಯೇ ಇದೆ, ಅದರ ಮುಂದೆ ಒಂದು ಕಿಟಕಿ ಇದೆ ಅಷ್ಟೆ. ಮೊದಲ ದಿನ ಕಿಟಕಿಯ ಗುಮಾಸ್ತರು ತಲೆ ಎತ್ತದೆ ಕೇಳಿದರು, ‘ಏನಮ್ಮ ಕಾಯಿಲೆ?’ ಕಾಯಿಲೆ ಏನೂ ಇಲ್ಲ ಎಂದೆ. ‘ಕಾಯಿಲೆ ಇಲ್ದೆ ರಜೆ ಯಾಕಮ್ಮ?’ ಹಲ್ಲಿನಿಂದ ಹೃದಯದವರೆಗೆ ಪರೀಕ್ಷಿಸಿ, ಈಕೆಗೆ ಯಾವ ಕಾಯಿಲೆಯೂ ಇಲ್ಲ ಎಂದು ಖಾತರಿಯಾದ ಮೇಲೆಯೇ ನನ್ನ ಮೂಳೆಗೆ ಸೂಜಿ ಹಾಕಿದ್ದರು. ಈಗ ನೆರವು ಬೇಕೆಂದರೆ ಕಾಯಿಲೆ ತೋರಿಸಬೇಕಂತೆ. ‘ಹೋಗಿ ಅವರೆದುರು ನಾಲ್ಕು ಸಲ ಕೆಮ್ಮಿ ಬಾ’ ಎಂದರು ನಿನ್ನ ಭಾವ.

ನಾನು ಕೆಮ್ಮಲಿಲ್ಲ. ಮಜ್ಜೆ ಕೊಟ್ಟಿದ್ದೇನೆ ಎಂದು ವೈದ್ಯರಿಂದ ಬರೆಸಿಕೊಂಡು ಹೋದೆ. ಆಗ ದಾನಿ ಮತ್ತು ರೋಗಿ ಇಬ್ಬರದೂ ರಕ್ತದ ಗುಂಪಿನ ಹೊಸ ವರದಿ ಬೇಕು ಎಂದರು. ನಿನ್ನ ಗುಂಪು ಬಿ, ನನ್ನದು ಓ, ಇದು ನಮಗೆ ಚಿಕ್ಕಂದಿನಿಂದ ಗೊತ್ತು. ಆದರೆ ನನ್ನ ಮಜ್ಜೆ ನಿನ್ನೊಳಗೆ ಹೋಗಿ ತನಗೆ ಗೊತ್ತಿರುವ ರಕ್ತವನ್ನೇ ತಯಾರಿಸಿದೆ, ಹಾಗಾಗಿ ಈಗ ನಿನ್ನದೂ ಓ. ಗುಮಾಸ್ತರು ಹಳೆಯ ಕಡತವನ್ನೂ ಹೊಸ ವರದಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ, ಕಳ್ಳ ಸಿಕ್ಕಿದ ಹಾಗೆ ಕನ್ನಡಕ ತೆಗೆದರು. ‘ತಮ್ಮನ ಹೆಸರಲ್ಲೂ ನಿಮ್ಮ ರಕ್ತಾನೇ ಕೊಟ್ಟಿದ್ದೀರಿ. ಇಲ್ಲಿರೋದು ಒಬ್ಬರೇ. ತನಗೆ ತಾನೇ ದಾನ ಮಾಡ್ಕೊಂಡೋರಿಗೆ ನೆರವು ಇಲ್ಲಮ್ಮ.’ ಸಾರ್, ನಾನು ಕೊಟ್ಟಿದ್ದೇನೆ ಅನ್ನೋದಕ್ಕೆ ಅದೇ ಸಾಕ್ಷಿ ಎಂದೆ. ‘ರಕ್ತದ ಗುಂಪು ಹುಟ್ಟಿದಾಗಿಂದ ಸಾಯೋವರೆಗೂ ಒಂದೇ. ಸ್ಕೂಲಲ್ಲಿ ಹೇಳ್ಕೊಟ್ಟಿಲ್ವಾ?’ ಅವರ ತಲೆಯ ಮೇಲೆ ಗೋಡೆಯಲ್ಲಿ ಒಬ್ಬ ದಾನಿ ನಗುತ್ತಿರುವ ದೊಡ್ಡ ಚಿತ್ರ. ಅದರ ಚೌಕಟ್ಟಿನ ಮೂಲೆ ಬಾಯಿ ಬಿಟ್ಟಿತ್ತು, ನಾನು ಕೆಲಸ ಮಾಡುವ ಫ್ರೇಮ್ ಅಂಗಡಿಯದಲ್ಲ. ಒಂದು ಪೆನ್ಸಿಲ್ ಹಂಚಿಕೊಳ್ಳಲಾರದೆ ಕಿತ್ತಾಡಿದ ನಾವಿಬ್ಬರೂ ಒಬ್ಬರೇ ಎಂದು ಕೇಳಿದ್ದರೆ ಅಮ್ಮ ಏನು ಅನ್ನುತ್ತಿದ್ದಳೋ!

ಕೆಲಸ ಉಳಿಸುವ ಪತ್ರ ಬರಲಿಲ್ಲ, ಅಂಗಡಿ ಯಜಮಾನರು ಪಾಪ ಎಷ್ಟು ದಿನ ಕಾಯುತ್ತಾರೆ? ಗಾಜು ಕತ್ತರಿಸುವ ನನ್ನ ಮೇಜಿಗೆ ತಮ್ಮ ಭಾಮೈದನನ್ನು ತಂದು ನಿಲ್ಲಿಸಿದರು. ನಾನು ಮರಳಿ ಹೋದಾಗ ನನ್ನ ಕೈಗೆ ಧೂಳು ಒರೆಸುವ ಬಟ್ಟೆ ಬಂತು. ಇಲ್ಲಿಯವರೆಗೆ ನಿನಗೆ ಗೊತ್ತು, ಮುಂದಿನದು ಗೊತ್ತಿಲ್ಲ. ಆ ಪುಣ್ಯಾತ್ಮ ಗಾಜಿನ ಮೇಲೆ ಗೆರೆ ಎಳೆದ ಜಾಗ ಒಂದು, ಗಾಜು ಒಡೆಯುವ ಜಾಗ ಇನ್ನೊಂದು. ಮೊನ್ನೆ ಕ್ಷೌರದಂಗಡಿಯವರ ಗೋಡೆಯಗಲದ ಕನ್ನಡಿಯನ್ನೇ ಎರಡು ಹೋಳು ಮಾಡಿದ. ‘ನೀನೇ ನಿಂತ್ಕೊಳ್ಳಮ್ಮ ತಾಯಿ’ ಎಂದು ಯಜಮಾನರು ಗಾಜು ಕೊಯ್ಯುವ ವಜ್ರದ ಮೊನೆಯನ್ನು ನನ್ನ ಕೈಗೆ ವಾಪಸು ಕೊಟ್ಟರು. ಸರ್ಕಾರ ಬರೆಯದ ಪತ್ರವನ್ನು ಆ ಕನ್ನಡಿ ಬರೆಯಿತು. ಈ ಸಲದ ರಜೆಗೂ ಅವರು ಒಪ್ಪಿದ್ದಾರೆ, ಭಾಮೈದನನ್ನು ಮೇಜಿನ ಹತ್ತಿರ ಬಿಡುವುದಿಲ್ಲ ಎಂಬ ಮಾತನ್ನು ತಮ್ಮ ಹೆಂಡತಿಯ ಕಣ್ಣು ತಪ್ಪಿಸಿ ನನಗೆ ಹೇಳಿದರು. ಇನ್ನು ಯಾವ ನೆಪ ಹೇಳುತ್ತೀಯ?

ಕೋಣೆಯ ಮಾಲೀಕಮ್ಮನವರಿಗೆ ನನ್ನ ನಮಸ್ಕಾರ ತಿಳಿಸು, ನೀನು ಊಟ ಬಿಟ್ಟರೆ ನನಗೆ ಫೋನ್ ಮಾಡಬೇಕೆಂದೂ ತಿಳಿಸು. ನಿನ್ನ ಕೆನ್ನೆ ಮತ್ತೆ ತುಂಬಿಕೊಳ್ಳಲಿ, ಹಟ ಸ್ವಲ್ಪ ಕರಗಲಿ ಎಂದು ಹರಸುವ,

ನಿನ್ನ ಅಕ್ಕ

ತಾ. ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಗುಮಾಸ್ತರ ಮೇಲಿನವರಿಗೆ ದೂರು ಕೊಟ್ಟಿದ್ದೆ, ನಿನ್ನೆ ಉತ್ತರ ಬಂತು. ಇಬ್ಬರಿದ್ದೇವೆ ಎಂದು ರುಜುವಾತಾಗಲು ದಾನಿ ಮತ್ತು ರೋಗಿ ಖುದ್ದಾಗಿ, ಜೊತೆಯಾಗಿ ಅದೇ ಕಿಟಕಿಯ ಮುಂದೆ ಬಂದು ನಿಲ್ಲಬೇಕಂತೆ. ಕೊಟ್ಟಿರುವ ತಾರೀಖು ಡಿಸೆಂಬರ್‌ನಲ್ಲಿ, ಅದಕ್ಕೂ ಮುಂಚೆ ಆಗುವುದಿಲ್ಲವಂತೆ. ನಾನು ಬೆಳಿಗ್ಗೆಯೇ ವೈದ್ಯರಿಗೆ ಫೋನ್ ಮಾಡಿ ನನ್ನ ಒಪ್ಪಿಗೆ ಹೇಳಿದ್ದೇನೆ, ನಿನ್ನದೊಂದು ಬಾಕಿ. ನಾಳೆಯೇ ಹೋಗಿ ಹೂಂ ಅನ್ನು. ಡಿಸೆಂಬರ್‌ನಲ್ಲಿ ನಾನೊಬ್ಬಳೇ ಹೋಗಿ ನಿಂತರೆ, ಆ ಮನುಷ್ಯ ಹೇಳಿದ್ದೇ ನಿಜವಾಗಿಬಿಡುತ್ತದೆ.