ಬಿಂಕಮ್ಮನ ಹೊಟ್ಟೆಯ ಹೊಲಿಗೆ

ಮಾರ್ಚ್ 4, ಬೆಳಗ್ಗೆ

ಲದ್ದಿ ಇನ್ನೂ ಬಿದ್ದಿಲ್ಲ. ಹೊಟ್ಟೆಯ ಎಡಬದಿಗೆ ಸ್ಟೆತಸ್ಕೋಪ್ ಇಟ್ಟೆ — ಸದ್ದಿಲ್ಲ. ಬಲಬದಿಯಲ್ಲಿ ಎಲ್ಲೋ ಸಣ್ಣ ಗುಡುಗುಡು... ಅದು ಅವಳದೋ ನನ್ನದೋ. ನಿನ್ನೆಯಿಂದ ನಾನೂ ಸರಿಯಾಗಿ ಉಂಡಿಲ್ಲ.

ಬಿಂಕಮ್ಮ ಮೂಲೆಗೆ ಮುಖ ಮಾಡಿ ನಿಂತಿದ್ದಾಳೆ. ಅಪ್ಪನ ರೈಡಿಂಗ್ ಸ್ಕೂಲಿನ ಹಿರಿಯ ಕುದುರೆ, ಎಲ್ಲರಿಗಿಂತ ಜಂಬದವಳು. ಮೊನ್ನೆ ಸಣ್ಣ ಕರುಳು ತಿರುಚಿಕೊಂಡು ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಳು. ಹೊಟ್ಟೆ ಬಿಚ್ಚಿದೆ. ಕಪ್ಪಗಾಗಿದ್ದ ಭಾಗ ಕತ್ತರಿಸಿ ತೆಗೆದೆ — ಚಾಚಿದರೆ ನನ್ನ ಎತ್ತರದ ಮೂರು ಪಟ್ಟು. ಉಳಿದ ಎರಡು ತುದಿ ಸೇರಿಸಿ ಹೊಲಿದೆ. ಇಷ್ಟು ದೊಡ್ಡ ಆಪರೇಷನ್ ನಾನೇ ಮುಂದೆ ನಿಂತು ಮಾಡಿದ್ದು ಇದೇ ಮೊದಲು. ಆಸ್ಪತ್ರೆಯ ಹಿರಿಯ ಡಾಕ್ಟರ್ ಹೊಲಿಗೆ ನೋಡಿ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಅದೇ ಸರ್ಟಿಫಿಕೇಟ್.

ಆದರೆ ಹೊಲಿಗೆ ಚೆನ್ನಾಗಿದ್ದರೆ ಸಾಲದು. ಕರುಳು ಮತ್ತೆ ಕೆಲಸ ಶುರು ಮಾಡಬೇಕು. ಲದ್ದಿ ಬೀಳಬೇಕು.

ಅದೇ ದಿನ, ಮಧ್ಯಾಹ್ನ

ಬಿತ್ತು.

ಪುಟ್ಟ ಪುಟ್ಟ ಉಂಡೆ. ಒದ್ದೆ, ಬೆಚ್ಚಗೆ. ಗ್ಲೌಸ್ ಕೂಡ ಹಾಕದೆ ಕೈಯಲ್ಲಿ ಎತ್ತಿಕೊಂಡುಬಿಟ್ಟೆ. ನರ್ಸ್ ಮೂಗು ಮುಚ್ಚಿಕೊಂಡು, "ಮೇಡಂ, ಫೋಟೋ ತೆಗೀಲಾ?" ಎಂದಳು. ತೆಗೆಸಿಕೊಂಡೆ. ಡಿಗ್ರಿ ತೆಗೆದುಕೊಂಡ ದಿನದ ಫೋಟೋದಲ್ಲೂ ಹೀಗೆ ಹಲ್ಲು ಬಿಟ್ಟಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. "ಹೂಂ" ಎಂದರು. ಅಷ್ಟೇ.

ಮಾರ್ಚ್ 12

ಬಿಂಕಮ್ಮ ಅಪ್ಪನ ಲಾಯಕ್ಕೆ ವಾಪಸ್.

ಅಪ್ಪನಿಗೆ ಪಾಠ ಮಾಡಿದೆ. ಕಾಳು ಅರಗುವುದು ಸಣ್ಣ ಕರುಳಿನಲ್ಲಿ. ಅದೀಗ ಗಿಡ್ಡ. ಅಲ್ಲಿ ಅರಗದೆ ದೊಡ್ಡ ಕರುಳಿಗೆ ಇಳಿದರೆ ಹುಳಿಯುತ್ತದೆ — ಗ್ಯಾಸ್, ಭೇದಿ, ಕೊನೆಗೆ ಗೊರಸಿಗೂ ಬೇನೆ ಇಳಿಯುತ್ತದೆ. ಹುಲ್ಲು ಅರಗುವುದು ದೊಡ್ಡ ಕರುಳಿನಲ್ಲಿ, ಅದು ಪೂರ್ತಿ ಇದೆ. ಆದ್ದರಿಂದ ಎಳೆ ಹುಲ್ಲು, ಸ್ವಲ್ಪ ಸ್ವಲ್ಪ, ದಿನವಿಡೀ. ಕಾಳು ಮುಟ್ಟಿಸಬಾರದು. ಉಳಿದ ಕರುಳು ಮೆಲ್ಲಗೆ ಹೊಂದಿಕೊಳ್ಳುತ್ತದೆ.

"ಅಲ್ಲೀತನಕ ಸೊರಗ್ತಾಳೆ," ಎಂದೆ.

ಅಪ್ಪನ ಮುಖ ಗಂಟಾಯಿತು. ಅವರ ಲಾಯದಲ್ಲಿ ಪಕ್ಕೆಲುಬು ಕಾಣುವ ಕುದುರೆ ಇದ್ದರೆ ಮನೆತನಕ್ಕೇ ಅವಮಾನ. "ಡಾಕ್ಟ್ರಮ್ಮ ಹೇಳಿದ ಮೇಲೆ ಮುಗೀತು," ಎಂದರು. ನಾನು ರೈಡರ್ ಆಗಬೇಕೆಂದು ಅವರ ಆಸೆ ಇತ್ತು. "ಕುದುರೆ ಮೇಲೆ ಕೂತ್ಕೊ ಅಂದ್ರೆ ಕುದುರೆ ಒಳಗೆ ಕೈ ಹಾಕೋಕೆ ಹೋದ್ಲು" — ಬಂದವರಿಗೆಲ್ಲ ಹೇಳುವ ಹಳೇ ಜೋಕು. ಕೇಳಿ ಕೇಳಿ ಕಿವಿ ತೂತಾಗಿದೆ.

ಮಾರ್ಚ್ 25

ಸೊರಗಿದ್ದಾಳೆ, ಅದು ಗೊತ್ತಿದ್ದದ್ದೇ. ಆದರೆ ಇವತ್ತು ಭೇದಿ ಯಾಕೆ? ಹೊಟ್ಟೆ ಉಬ್ಬಿದೆ. ಮುಂಗಾಲಿನ ಗೊರಸು ಮುಟ್ಟಿದರೆ ಬಿಸಿ. ನನ್ನ ಹೊಲಿಗೆಯೇ ಕೈಕೊಟ್ಟಿತಾ... ಮತ್ತೊಮ್ಮೆ ಹೊಟ್ಟೆ ಬಿಚ್ಚಿದರೆ ತಡೆಯಲಾರಳು.

ಲದ್ದಿಯನ್ನು ಬಕೆಟ್ ನೀರಿನಲ್ಲಿ ಕದಡಿದೆ. ತಳದಲ್ಲಿ ಬಾರ್ಲಿ. ಇಡಿ ಇಡೀ ಕಾಳು.

ನೇರ ಅಪ್ಪನ ಬಳಿ ಹೋದೆ. ಏನೂ ಕೇಳದೆ ಅವರ ಕೋಟಿನ ಜೇಬಿಗೆ ಕೈ ಹಾಕಿದೆ. ಬಾರ್ಲಿ. ಕೆಲಸ ಮುಗಿಸಿದ ಕುದುರೆ ಆ ಜೇಬು ಮೂಸುತ್ತದೆ, ಹಿಡಿ ಕಾಳು ಪಡೆಯುತ್ತದೆ. ನಾನು ಹುಟ್ಟುವ ಮೊದಲಿನ ರೂಢಿ.

"ಒಂದೇ ಹಿಡಿನಾ?"

"ಮೊದಲು ಒಂದೇ ಹಿಡಿ. ಆಮೇಲೆ... ಆ ಪಕ್ಕೆ ನೋಡೋಕಾಗ್ಲಿಲ್ಲ ಕಣಮ್ಮ."

"ಅವಳನ್ನ ಕೊಲ್ತಿದ್ದೀರಪ್ಪ ನೀವು."

ಅಪ್ಪ ನೆಲ ನೋಡಿದರು. "ಸಾವಿನ ಬಾಯಿಂದ ಎದ್ದು ಬಂದಿದ್ದಾಳೆ. ಅದಕ್ಕಿಂತ ದೊಡ್ಡ ಕೆಲಸ ಯಾವ್ದಿದೆ? ಬಂದು ಜೇಬು ಮೂಸ್ತಾಳೆ. ಬರಿಗೈ ಹೇಗೆ ತೋರಿಸ್ಲಿ?"

ಚೆನ್ನಾಗಿ ಬೈಯಬೇಕೆಂದೇ ಹೋಗಿದ್ದೆ. ಆಗಲಿಲ್ಲ. ಇಬ್ಬರೂ ಸೇರಿ ಗೊರಸುಗಳಿಗೆ ಐಸ್ ಕಟ್ಟಿದೆವು.

ಮಾರ್ಚ್ 29

ಗೊರಸು ತಣ್ಣಗಿದೆ. ಲದ್ದಿ ಗಟ್ಟಿ. ಕಾಳಿಲ್ಲ. ಗಂಡಾಂತರ ಕಳೆಯಿತು.

ಹೊಲಿಗೆ ಅಪ್ಪನ ಬಾರ್ಲಿಗೂ ಜಗ್ಗಲಿಲ್ಲ. ಹಾಗೆ ಹೊಲಿದವಳು ನಾನು. ಬರೆದುಕೊಳ್ಳಲು ನನಗೇನೂ ಸಂಕೋಚವಿಲ್ಲ, ಇದು ನನ್ನ ಡೈರಿ.

ಅಪ್ಪ ಜೇಬು ಮಗುಚಿ, ಒಗೆದು, ಎಳೆ ಹುಲ್ಲು ತುಂಬಿಕೊಂಡಿದ್ದಾರೆ. ಬಿಂಕಮ್ಮ ಮೂಸಿ ಮುಖ ತಿರುಗಿಸಿದಳು. ಅಪ್ಪ ಕದಲಲಿಲ್ಲ. ಬಿಂಕವೆಲ್ಲ ಮುಗಿದ ಮೇಲೆ ಬಂದು ತಿಂದಳು.

ಜುಲೈ 2, ಸಂಜೆ

ಎಷ್ಟು ದಿನವಾಯಿತು ಬರೆದು. ಬರೆಯುವಂಥ ತೊಂದರೆ ಏನೂ ಆಗಲಿಲ್ಲ, ಅದಕ್ಕೇ.

ಪಕ್ಕೆ ಮುಚ್ಚಿಕೊಂಡಿದೆ. ಬರೀ ಹುಲ್ಲಿನಲ್ಲೇ. ಗಿಡ್ಡ ಕರುಳು ತನ್ನ ಕೆಲಸ ಕಲಿತುಕೊಂಡಿದೆ. ಇವತ್ತು ಮೈದಾನದಲ್ಲಿ ಕತ್ತು ಎತ್ತಿಕೊಂಡು ಓಡಿದಳು, ಯಾರೋ ಚಪ್ಪಾಳೆ ತಟ್ಟುತ್ತಿದ್ದಾರೆ ಎಂಬಂತೆ.

ಆಮೇಲೆ ನಾನು ಲಾಯದಲ್ಲಿ ಗೋಡೆಯ ಈಚೆ ಹುಲ್ಲಿನ ಕಟ್ಟಿನ ಮೇಲೆ ಕೂತಿದ್ದೆ. ಆಚೆ ಅಪ್ಪ ಯಾರಿಗೋ ಅವಳನ್ನು ತೋರಿಸುತ್ತಿದ್ದರು. ಹಳೇ ಜೋಕು ಬರುತ್ತದೆ ಎಂದು ಕಾದೆ.

"ಬಗ್ಗಿ ಸ್ವಾಮಿ, ಇನ್ನೂ ಬಗ್ಗಿ. ಹೊಟ್ಟೆ ಕೆಳಗೆ ಗೆರೆ ಕಾಣ್ತಾ? ಎಷ್ಟು ನೆಟ್ಟಗಿದೆ ನೋಡಿ. ಒಳಗೆ ಕೈ ಹಾಕಿದ್ದು ನನ್ನ ಮಗಳು."

ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. ಇಲ್ಲೇ ಕೂತು ಬರೆಯುತ್ತಿದ್ದೇನೆ. ಹೊರಗೆ ಇನ್ನೊಂದು ಕಾರು ನಿಂತಿತು. ಅಪ್ಪ ಕೂಗುತ್ತಿದ್ದಾರೆ, "ಡಾಕ್ಟ್ರಮ್ಮ, ಬಾ ಇಲ್ಲಿ, ನೀನೇ ತೋರಿಸು." ಕೂದಲ ತುಂಬ ಹುಲ್ಲು. ಒಂಚೂರು ಕೊಡವಿಕೊಂಡು ಹೋಗ—