ಹಲಗೆಗಿಬ್ಬರು

ಲೆಪ್ಪಾರಂತ, ಜೂನ್ ೮

ಪೇಟೆಯ ಮಹನೀಯ ವೇಯೊ,

ನಿನ್ನ ಫ್ಲ್ಯಾಟಿನ ಲಿಫ್ಟು ಕ್ಷೇಮವೇ? ಇಲ್ಲಿ ನಾನೂ ಸರೋವರವೂ ಕ್ಷೇಮ. ಜನವರಿಯಿಂದ ನಿನ್ನ ಪೇಟೆಯೂ ಅದರ ಸುತ್ತಲಿನ ನಮ್ಮ ಪಂಚಾಯಿತಿಯೂ ಒಂದಾಗಿವೆಯಲ್ಲ, ಕಾನೂನಿನ ಪ್ರಕಾರ ನಾವೀಗ ಒಂದೇ ಊರಿನವರು. ಇನ್ನು ನೀನು ನನ್ನನ್ನು ಬಿಟ್ಟು ಹೋದೆ ಎನ್ನುವಂತೆಯೂ ಇಲ್ಲ. ಊರೊಳಗೇ ಸ್ವಲ್ಪ ದೂರ ಹೋಗಿ ಕೂತಿದ್ದೀಯ, ಅಷ್ಟೆ.

ಅಜ್ಜಂದಿರು ಚರ್ಚಿಗೆ ಹೋಗುತ್ತಿದ್ದ ಉದ್ದ ದೋಣಿಗಳಲ್ಲಿ ನಾವೀಗ ಪಂದ್ಯ ಕಟ್ಟುತ್ತೇವಲ್ಲ, ಎರಡೂ ಕಡೆಯ ಆ ಚರ್ಚ್ ದೋಣಿ ತಂಡಗಳೂ ಒಂದಾದವು. ಚುಕ್ಕಾಣಿ ನಮ್ಮ ಕೌಕೊನದೇ. ನೀನು ಹೋದ ಮೇಲೆ ನಮ್ಮ ಹಲಗೆಯಲ್ಲಿ ನನ್ನ ಪಕ್ಕ ಕೂತು ಹುಟ್ಟು ಹಾಕುತ್ತಿದ್ದ ಐಲಾ ಭುಜ ನೋವೆಂದು ಬಿಟ್ಟಿದ್ದಾಳೆ. ಭಾನುವಾರ ದಡದಲ್ಲಿ ಕೌಕೊ ಎಲ್ಲರೆದುರು ಗದರಿದ: “ಹಿಲ್ಕಾ, ಹಲಗೆಗಿಬ್ರು! ಒಬ್ಳೇ ಕೂತ್ರೆ ದೋಣಿ ಸೊಟ್ಟಗೆ ಹೋಗುತ್ತೆ. ಜೋಡಿ ಕರ್ಕೊಂಡ್ ಬಾ, ಇಲ್ಲಾಂದ್ರೆ ದಡದಲ್ಲಿ ಕಾಫಿ ಕಾಯ್ಸು. ನಿನ್ ಗಂಡ ಪೇಟೇಲಿ ಏನ್ ಕಡಿದು ಗುಡ್ಡೆ ಹಾಕ್ತಿದಾನೆ?”

“ಲಿಫ್ಟ್ ಹತ್ತೋದು, ಇಳಿಯೋದು,” ಎಂದೆ.

“ಎರಡು ಪಂಚಾಯಿತಿನೇ ಒಂದಾದ್ವು, ನಿಮ್ಗೇನ್ ರೋಗ?”

“ಅವು ಮತ ಹಾಕಿ ಒಂದಾದ್ವು ಕಣಯ್ಯಾ. ನಮ್ಮನೇಲಿ ಇರೋದೇ ಎರಡು ಮತ, ಒಂದ್ ಆ ಕಡೆ, ಒಂದ್ ಈ ಕಡೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದಾಗ ನಗುವುದಕ್ಕೆ ಯಾರೂ ಇರಲಿಲ್ಲ.

ಬೇಸರವೇನಿಲ್ಲ. ರೇಡಿಯೊದಲ್ಲಿ ಹವಾಮಾನ ಓದುವ ಹುಡುಗಿಗೆ ಉತ್ತರ ಕೊಡುತ್ತೇನೆ. ಒಳ್ಳೆಯವಳು, ಎದುರು ಮಾತಾಡುವುದಿಲ್ಲ. ಕಾಫಿ ಯಂತ್ರ ಎರಡು ಬಟ್ಟಲಿಗಿಂತ ಕಮ್ಮಿ ಮಾಡಲೊಲ್ಲದು. ನಿನ್ನ ಪಾಲನ್ನೂ ಕುಡಿದು ನಿದ್ದೆಗೆಡುತ್ತೇನೆ, ದೂರು ಮಾತ್ರ ಈ ಬೇಸಿಗೆಯಲ್ಲಿ ರಾತ್ರಿಯೂ ಮುಳುಗದ ನಮ್ಮ ಸೂರ್ಯನ ಮೇಲೆ. ಒಬ್ಬರು ದೋಣಿ ನಡೆಸಿದರೆ ತಾನೆ ಇನ್ನೊಬ್ಬರು ಬಲೆ ಬಿಡುವುದು? ಹಾಗಾಗಿ ಸರೋವರದ ದಡದಲ್ಲೇ ಕೂತು ಅಂಗಡಿಯ ಮೀನು ತಿನ್ನುತ್ತಿದ್ದೇನೆ. ಇದನ್ನು ಯಾರಿಗೂ ಹೇಳಬೇಡ, ಮರ್ಯಾದೆ ಪ್ರಶ್ನೆ.

ಈ ತಿಂಗಳ ಕೊನೆಯ ನಡುಬೇಸಿಗೆ ಹಬ್ಬದ ದೋಣಿ ಸ್ಪರ್ಧೆ ಮುಗಿಯುವವರೆಗೆ ಬಂದಿರು. ಈ ಮನೆ ಮಾರುವ ಮಾತನ್ನು ನೀನು ಎತ್ತಬೇಡ, ನಿನ್ನ ಫ್ಲ್ಯಾಟನ್ನು ನಾನು ಹಳಿಯುವುದಿಲ್ಲ. ಹುಟ್ಟು ಹಾಕುವಾಗ ಇಬ್ಬರೂ ಒಂದೇ ಕಡೆ ಮುಖ ಮಾಡಿರುತ್ತೇವೆ, ಒಬ್ಬರನ್ನೊಬ್ಬರು ನೋಡುವ ಕಷ್ಟವಿಲ್ಲ. ಜಗಳಕ್ಕೆ ಉಸಿರೂ ಉಳಿಯುವುದಿಲ್ಲ. ನಮ್ಮ ದಾಂಪತ್ಯ ಸುಸೂತ್ರವಾಗಿ ನಡೆದದ್ದು ಆ ಹಲಗೆಯ ಮೇಲೆ ಮಾತ್ರ ಎಂದು ಐಲಾ ಛೇಡಿಸುತ್ತಾಳೆ. ಜೋಡಿಯಿಲ್ಲದಿದ್ದರೆ ನನ್ನ ಜಾಗ ಹೋಯಿತು. ವಾರದಲ್ಲಿ ಮನುಷ್ಯರ ಪಕ್ಕ ನಾನು ಕೂರುವುದು ಅದೊಂದೇ ಸಂಜೆ.

ಬುಧವಾರ ಅಭ್ಯಾಸ. ಕರೆಯುತ್ತಿರುವುದು ದೋಣಿಯ ಸಲುವಾಗಿ, ತಪ್ಪು ತಿಳಿಯಬೇಡ.

ಈಗ ನಿನ್ನದೇ ಊರಿನವಳಾದ,
ಹಿಲ್ಕಾ

ಲಕೋಟೆ ಅಂಟಿಸುವ ಮುನ್ನ ಇನ್ನೊಂದು ಮಾತು: ಕೌಕೊ ಈಗಷ್ಟೇ ಬಂದು ಹೋದ. ಪೇಟೆಯ ಶಾಲೆಯ ವ್ಯಾಯಾಮದ ಮೇಷ್ಟ್ರು, ಬಾಗಿಲಗಲ ಭುಜದವನು, ನನ್ನ ಪಕ್ಕ ಕೂರಲು ಸಂತೋಷದಿಂದ ಒಪ್ಪಿದ್ದಾನಂತೆ. ಆ ಜಾಗಕ್ಕೆ ಜನ ಇದ್ದಾರೆ ಎಂದುಬಿಟ್ಟೆ.